ಗೋಡೆ ಬಾಗಿದ್ದು ಯಾಕೆ, ಅಪ್ಪ

ತೀರ್ಥರೂಪು ಅಪ್ಪನವರಿಗೆ,

ನಿಮ್ಮ ಮಗಳು ಮಾಡುವ ನಮಸ್ಕಾರಗಳು. ನಾನು ಕ್ಷೇಮ. ನಾನು ವಿನ್ಯಾಸ ಮಾಡುತ್ತಿರುವ ಕಾರಿನ ಹಿಂಬದಿ ಕ್ಯಾಮೆರಾ ಲೆನ್ಸಿನಲ್ಲಿ ತೆಗೆದು ಹೋದ ವಾರ ಕಳಿಸಿದ ಚಿತ್ರ ನೋಡಿ, "ಗೋಡೆ ಯಾಕೆ ಬಿಲ್ಲಿನ ಹಾಗೆ ಬಾಗಿದೆ? ಲೆನ್ಸ್ ಸರಿಯಿಲ್ಲವಾ?" ಅಂತ ಫೋನಿನಲ್ಲಿ ಕೇಳಿದಿರಿ. ಆಗ ಅವಸರದಲ್ಲಿ ಏನೋ ಹೇಳಿದೆ. ಈಗ ಕೂತು ಬರೆಯುತ್ತಿದ್ದೇನೆ.

ಲೆನ್ಸ್ ಸರಿಯಾಗಿಯೇ ಇದೆ ಅಪ್ಪ. ಬೇಕೆಂದೇ ಬಾಗಿಸಿದ್ದು. ನೇರ ಗೆರೆಯನ್ನು ನೇರವಾಗಿಯೇ ತೋರಿಸುವ ಲೆನ್ಸಿನಲ್ಲಿ, ಬಿಂಬ ಚಿತ್ರದ ನಡುವಿನಿಂದ ಎಷ್ಟು ದೂರ ಬೀಳುತ್ತದೆಂಬುದು, ಬೆಳಕು ಓರೆಯಾಗಿ ಬರುವ ಕೋನದ ಟ್ಯಾಂಜೆಂಟಿನಂತೆ (ಕೋನದೊಡನೆ ಬಲು ಬೇಗ ಏರುವ ಒಂದು ಲೆಕ್ಕ) ಬೆಳೆಯುತ್ತದೆ. 45 ಡಿಗ್ರಿಗೆ 1, 80ಕ್ಕೆ 5.67, 90ಕ್ಕೆ ಅನಂತ. ಹಿಂಬದಿ ಕ್ಯಾಮೆರಾ ಎಡಕ್ಕೂ ಬಲಕ್ಕೂ ಹೆಚ್ಚುಕಡಿಮೆ 90 ಡಿಗ್ರಿ ನೋಡಬೇಕು. ಬಿಂಬ ಹಿಡಿಯುವ ಅಷ್ಟು ದೊಡ್ಡ ಸೆನ್ಸರ್ ಎಲ್ಲಿಂದ ತರುವುದು? ಅದಕ್ಕೇ ಕೋನ ಹೆಚ್ಚಿದಷ್ಟೇ ದೂರವೂ ಹೆಚ್ಚಲಿ ಎಂಬ ಲೆಕ್ಕ ಹಿಡಿಯುತ್ತೇವೆ. ಗೋಡೆ ಬಾಗುತ್ತದೆ, ಆದರೆ ಮೂಲೆಯಲ್ಲಿ ನಿಂತ ಮಗು ಚಿತ್ರದೊಳಗೆ ಉಳಿಯುತ್ತದೆ. ರಿವರ್ಸ್ ತೆಗೆಯುವಾಗ ಮಕ್ಕಳು ಚಕ್ರದಡಿ ಸಿಕ್ಕ ದುರಂತಗಳಿಂದಾಗಿಯೇ ಅಮೆರಿಕದಲ್ಲಿ 2018ರ ಮೇ ತಿಂಗಳಿಂದ ಹೊಸ ಕಾರುಗಳಿಗೆಲ್ಲ ಈ ಕ್ಯಾಮೆರಾ ಕಡ್ಡಾಯವಾಗಿದ್ದು. ನೀರೊಳಗಿನ ಮೀನಿಗೆ ಇಡೀ ಆಕಾಶ ಒಂದು ವೃತ್ತದಲ್ಲಿ ಅಡಗಿ ಕಾಣುತ್ತದೆಂದು ರಾಬರ್ಟ್ ವುಡ್ ಎಂಬ ಭೌತವಿಜ್ಞಾನಿ 1906ರಲ್ಲೇ ಬರೆದಿದ್ದರು. ಫಿಶ್‌ಐ (ಮೀನಿನ ಕಣ್ಣು) ಎಂಬ ಹೆಸರು ಇಂಥ ಲೆನ್ಸಿಗೆ ಅಲ್ಲಿಂದಲೇ ಬಂತು.

ನನ್ನ ಲೆನ್ಸೆಂದರೆ ಒಂದರ ಹಿಂದೊಂದು ಜೋಡಿಸಿದ ಆರು ಮಸೂರ. ಎಲ್ಲಕ್ಕಿಂತ ಮುಂದಿರುವ ಮಸೂರ ಮಗುಚಿಟ್ಟ ಬಟ್ಟಲಿನಂತೆ. ಬದಿಯಿಂದ ಬರುವ ಕಿರಣದ ಓರೆಯನ್ನು ತಗ್ಗಿಸಿ ಒಳಗೆ ಬಿಡುವುದು ಅದರ ಕೆಲಸ. ಕಲ್ಲು, ಕೆಸರು ಹೊಡೆಯುವುದೂ ಅದಕ್ಕೇ, ಹಾಗಾಗಿ ಅದು ಗಾಜಿನದೇ ಆಗಬೇಕು. ಒಳಗಿನವು ಹೆಚ್ಚಾಗಿ ಪ್ಲಾಸ್ಟಿಕ್. ಅಚ್ಚಿನಲ್ಲಿ ಎಂಥ ಬಾಗನ್ನು ಬೇಕಾದರೂ ಕೊಡಬಹುದು, ಕಡಿಮೆ ಮಸೂರದಲ್ಲಿ ಕೆಲಸ ಮುಗಿಯುತ್ತದೆ, ಲೆನ್ಸ್ ಗಿಡ್ಡವಾಗುತ್ತದೆ.

ನನ್ನ ನಿದ್ದೆ ಕೆಡಿಸಿದ್ದೂ ಆ ಪ್ಲಾಸ್ಟಿಕ್ಕೇ. −40ರಿಂದ 85 ಡಿಗ್ರಿ ಸೆಲ್ಸಿಯಸ್‌ವರೆಗೂ ಚಿತ್ರ ಚೊಕ್ಕವಿರಬೇಕು. ಬಿಸಿ ಒಂದು ಡಿಗ್ರಿ ಏರಿದರೆ ಪ್ಲಾಸ್ಟಿಕ್‌ನ ವಕ್ರೀಭವನಾಂಕ (ಬೆಳಕನ್ನು ಬಾಗಿಸುವ ಶಕ್ತಿಯ ಅಳತೆ) ಸುಮಾರು 0.0001 ಇಳಿಯುತ್ತದೆ; ಸಾಮಾನ್ಯ ಗಾಜಿನಲ್ಲಿ ಅದರ ಹತ್ತರಲ್ಲೊಂದು ಪಾಲೂ ಬದಲಾಗದು. ಫೋಕಸ್ ಹತ್ತಿಪ್ಪತ್ತು ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನ್) ಜರುಗಿದರೂ ಸಾಕು, ಮಸುಕು. ನನ್ನ ಮೊದಲ ವಿನ್ಯಾಸ ಕೋಣೆಯೊಳಗೆ ಬಲು ಚೆನ್ನಾಗಿತ್ತು. ಶೀತಪೆಟ್ಟಿಗೆಗೆ ಇಟ್ಟೊಡನೆ ಚಿತ್ರದ ನಾಲ್ಕೂ ಮೂಲೆ ಮಸುಕಾಗಿ ಕರಗಿಹೋದವು, ಮಗು ನಿಲ್ಲುವ ಜಾಗವೇ ಅದು. ಆ ರಾತ್ರಿ ಅಳು ಬಂತು ಅಪ್ಪ. ಆಮೇಲೆ ಎರಡು ತಿಂಗಳು ಲೆಕ್ಕ ಹಾಕಿದೆ. ಬೆಳಕನ್ನು ಕೂಡಿಸುವ ಪ್ಲಾಸ್ಟಿಕ್ ಮಸೂರಕ್ಕೆ ಚದುರಿಸುವ ಇನ್ನೊಂದನ್ನು ಜೋಡಿ ಮಾಡಿ, ಒಂದರ ಜರುಗನ್ನು ಇನ್ನೊಂದು ತೀರಿಸುವಂತೆ ಮಾಡಿದೆ. ಮುಖ್ಯ ಭಾರವನ್ನು ನಡುವಿನ ಗಾಜಿನ ಮಸೂರಕ್ಕೆ ವಹಿಸಿದೆ.

ಬೆಳಕು ಹಿಂದಕ್ಕೆ ಪುಟಿಯದಂತೆ ಮಸೂರಕ್ಕೆ ಹಚ್ಚುವ ಲೇಪನದ ವಿಷಯ ಇನ್ನೊಮ್ಮೆ ಬರೆಯುತ್ತೇನೆ. ಬರಿ ಗಾಜಿನ ಒಂದೊಂದು ಮೇಲ್ಮೈಯೂ ನೂರರಲ್ಲಿ 4 ಪಾಲು ಬೆಳಕನ್ನು ಹಿಂದಕ್ಕೆ ತಳ್ಳುತ್ತದೆ. ಆರು ಮಸೂರಕ್ಕೆ ಹನ್ನೆರಡು ಮೇಲ್ಮೈ. ರಾತ್ರಿ ಯಾವುದೋ ಹೆಡ್‌ಲೈಟು ಅದರೊಳಗೆ ಪುಟಿದಾಡಿದರೆ ಕತ್ತಲಲ್ಲಿ ನಿಂತವರು ಕಾಣಿಸುವುದಿಲ್ಲ.

ನಿನ್ನೆ ಹೊಸ ಮಾದರಿ ಶೀತಪೆಟ್ಟಿಗೆಗೆ ಹೋಯಿತು. −40ರಲ್ಲಿ ಪರೀಕ್ಷೆಯ ಚಿತ್ರದ ನಾಲ್ಕೂ ಮೂಲೆಯ ಗೆರೆಗಳನ್ನು ಒಂದೊಂದಾಗಿ ಎಣಿಸಿದೆ. ಬಿಸಿಯ ಪರೀಕ್ಷೆ ಸೋಮವಾರ. ಮುಗಿದ ಕೂಡಲೇ ಫೋನ್ ಮಾಡುತ್ತೇನೆ. ಅಮ್ಮನಿಗೂ ಇದನ್ನು ಓದಿ ಹೇಳಿ.

ಇತಿ ನಿಮ್ಮ ಪ್ರೀತಿಯ ಮಗಳು