ತಾತನ ಪೆನ್ನು ಕೆಡಿಸಿದ್ದು ನೀನಲ್ಲ ಕಣೋ

ಪ್ರೀತಿಯ ಗೆಳೆಯಾ,

ಮೊನ್ನೆ ಅಪ್ಪನ ಬೀರು ಖಾಲಿ ಮಾಡುತ್ತಿದ್ದೆ. ಹಳೇ ರಸೀದಿಗಳ ಕೆಳಗೆ ಒಂದು ಕನ್ನಡಕದ ಡಬ್ಬಿ ಸಿಕ್ಕಿತು. ಅಲುಗಾಡಿಸಿದರೆ ಒಳಗೆ ಲೊಡಲೊಡ ಸದ್ದು. ತೆಗೆದು ನೋಡಿದರೆ ತಾತನ ಪೆನ್ನು! ಐದನೇ ಕ್ಲಾಸಿನಲ್ಲಿ ನೀನು "ಒಂದೇ ಒಂದು ಸಾಲು ಬರೀತೀನಿ ಕೊಡೋ" ಅಂತ ಇಸ್ಕೊಂಡು ಅಂಗಿ ತುಂಬಾ ಇಂಕು ಮಾಡಿಕೊಂಡೆಯಲ್ಲ, ಅದೇ.

ನನ್ನ ನೆನಪಿನಲ್ಲಿ ಅದು ಕಪ್ಪು ಪೆನ್ನು. ನೋಡಿದರೆ ಮೈಯೆಲ್ಲ ಕಂದು. ಎಬೊನೈಟ್ ಅಲ್ವಾ, ರಬ್ಬರಿಗೆ ಗಂಧಕ ಜಾಸ್ತಿ ಸೇರಿಸಿ ಬೇಯಿಸಿ ಗಟ್ಟಿ ಮಾಡಿದ್ದು. ಬೆಳಕಿಗೆ ಬಿದ್ದೂ ಬಿದ್ದೂ ಬಣ್ಣ ಹೋಗುತ್ತದೆ. ಕ್ಯಾಪು ತಿರುಗಿಸಿ ತೆಗೆದೆ. ಅದರೊಳಗೆ ಅವಿತಿದ್ದ ಒಂದಿಂಚು ಮಾತ್ರ ಇನ್ನೂ ಅಚ್ಚ ಕಪ್ಪು. ಹೆಬ್ಬೆರಳಿನಲ್ಲಿ ಜೋರಾಗಿ ಉಜ್ಜಿದರೆ ಸಣ್ಣಗೆ ಗಂಧಕದ ವಾಸನೆ. ಸುಮ್ನೆ ನಾಲ್ಕೈದು ಸಲ ಮೂಸಿದೆ.

ರಾತ್ರಿ ನಿಬ್ಬು ಬಿಚ್ಚಿ ತಣ್ಣೀರಿನ ಲೋಟದಲ್ಲಿ ಹಾಕಿಟ್ಟೆ. ಒಣಗಿದ್ದ ಇಂಕು ನೀಲಿ ಎಳೆ ಎಳೆಯಾಗಿ ಇಳಿಯತೊಡಗಿತು. ಮೂರು ಸಲ ನೀರು ಬದಲಿಸಿದೆ. ಬೆಳಗ್ಗೆ ಹೊಸ ಇಂಕು ಹಾಕಿದರೆ, ಏನೂ ಆಗಿಲ್ಲವೇನೋ ಅನ್ನುವ ಹಾಗೆ ಬರೆಯಿತು! ಎರಡು ದಿನ ಚೆನ್ನಾಗಿತ್ತು. ಮೂರನೇ ದಿನ ಬರೆಯುತ್ತಾ ಇರುವಾಗಲೇ ತೊಟ್ಟ್ ಅಂತ ದೊಡ್ಡ ಹನಿ ಬಿತ್ತು.

ಆಗ ಹೊಳೆಯಿತು. ಇದು ಕೊಳವೆಯೊಳಗೇ ನೇರವಾಗಿ ಇಂಕು ತುಂಬುವ ಪೆನ್ನು. ಇಂಕು ಕಮ್ಮಿಯಾದಷ್ಟೂ ಒಳಗೆ ಗಾಳಿ ಜಾಸ್ತಿ. ಕೈ ಬಿಸಿಗೆ ಆ ಗಾಳಿ ಹಿಗ್ಗಿ ಇಂಕನ್ನು ಹೊರಗೆ ತಳ್ಳುತ್ತದೆ. "ಅರ್ಧಕ್ಕೆ ಇಳಿಯೋದರೊಳಗೆ ತುಂಬಿಸ್ಕೋ" ಅಂತ ತಾತ ಹೇಳೇ ಕೊಟ್ಟಿದ್ದರು. ಯಾಕೆ ಅಂತ ನಾನು ಕೇಳಿರಲಿಲ್ಲ. ಅವತ್ತು ತುಂಬಿಸದೆ ತಂದವನು ನಾನು. ನೀನು ಪಾಪ, ಎಲ್ಲಿ ಬೀಳುತ್ತೋ ಅಂತ ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದಿದ್ದೆ.

ಮನೆಯಲ್ಲಿ ಏನು ಹೇಳಿದೆ ಗೊತ್ತಾ? "ಅವನು ಒತ್ತಿ ಬರೆದು ಕೆಡಿಸಿಬಿಟ್ಟ" ಅಂತ. ನೀನು ಬಾಗಿಲಲ್ಲಿ ನಿಂತು ಅಪ್ಪನ ಹತ್ತಿರ ಬೈಸಿಕೊಂಡೆ. ತಾತ ಒಂದೂ ಮಾತಾಡಲಿಲ್ಲ. ಬಟ್ಟೆ ತಗೊಂಡು ನಿಬ್ಬು ಒರೆಸುತ್ತಾ ಕೂತಿದ್ದರು. ಅವರಿಗೆ ಗೊತ್ತಿತ್ತು ಅಂತ ಈಗ ಅನ್ನಿಸುತ್ತಿದೆ.

ನಿಬ್ಬಿನ ತುದಿ ಒಂದು ಕಡೆಗೆ ಓರೆಯಾಗಿ ಸವೆದಿದೆ. ನನ್ನ ಹಾಗೆ ಹಿಡಿದರೆ ಕಾಗದ ಕೆರೆಯುತ್ತದೆ. ಕೊಂಚ ಎಡಕ್ಕೆ ತಿರುಗಿಸಿದರೆ ಜಾರಿಕೊಂಡು ಹೋಗುತ್ತದೆ. ತಾತ ಹಿಡಿಯುತ್ತಿದ್ದುದು ಹಾಗೇ. ಈ ಪತ್ರವನ್ನೂ ಹಾಗೆ ಹಿಡಿದೇ ಬರೆದು, ಆಮೇಲೆ ಟೈಪ್ ಮಾಡಿ ಇಲ್ಲಿ ಹಾಕುತ್ತಿದ್ದೇನೆ. ನಾಲ್ಕು ಜನರೆದುರು ನಿನ್ನ ತಲೆಗೆ ಕಟ್ಟಿದ್ದನ್ನು ನಾಲ್ಕು ಜನರೆದುರೇ ಒಪ್ಪಿಕೊಳ್ಳಬೇಕಲ್ಲ.

ಮುಂದಿನ ಸಲ ಬಂದಾಗ ಆ ಒಂದು ಸಾಲು ಬರೆದು ಮುಗಿಸು. ಇಂಕು ಪೂರ್ತಿ ತುಂಬಿಸಿಯೇ ಕೊಡುತ್ತೇನೆ. ಆದರೂ ಬಿಳಿ ಅಂಗಿ ಹಾಕಿಕೊಂಡು ಬರಬೇಡ.

ನಿನ್ನ,
ಪಕ್ಕದ ಬೆಂಚಿನವನು