'ಗಾಳಿ ಇಲ್ಲದ ಕಡೆ' ಅಂತ ಬರೆಯಬೇಕಿತ್ತು

ಮಾನ್ಯ ಸಂಪಾದಕರೇ,

ಒಂಬತ್ತನೇ ತರಗತಿ ಓದುವ ನನ್ನ ಮೊಮ್ಮಗನ ಕಿರುಪರೀಕ್ಷೆಯಲ್ಲಿ ಒಂದು ಪ್ರಶ್ನೆ ಬಂದಿತ್ತು. 'ಒಂದೇ ಎತ್ತರದಿಂದ ಕಲ್ಲನ್ನೂ ಗರಿಯನ್ನೂ ಒಟ್ಟಿಗೆ ಬಿಟ್ಟರೆ ಯಾವುದು ಮೊದಲು ನೆಲ ಮುಟ್ಟುತ್ತದೆ?' ಹುಡುಗ 'ಕಲ್ಲು' ಎಂದು ಬರೆದ. ಕೆಂಪು ಗೆರೆ ಬಿತ್ತು. 'ಎರಡೂ ಒಟ್ಟಿಗೆ' ಎನ್ನುವುದು ಸರಿಯುತ್ತರವಂತೆ.

ಅವನು ಬೆಳೆದದ್ದು ತಿಪಟೂರು ಕಡೆಯ ತೆಂಗಿನ ತೋಟದಲ್ಲಿ. ಹಕ್ಕಿಗೂ ಗರಿ, ತೆಂಗಿಗೂ ಗರಿ ಅನ್ನುವ ಭಾಷೆ ನಮ್ಮದು. ಗರಿ ಬೀಳುವುದನ್ನು ಅವನು ದಿನಾ ನೋಡುತ್ತಾನೆ. ಐವತ್ತು ಅಡಿ ಮರದಿಂದ ಕಾಯಿ ಕಳಚಿದರೆ ಎರಡು ಸೆಕೆಂಡೂ ಬೇಡ, ದಬ್ ಅಂತ ನೆಲದಲ್ಲಿ. ಅಷ್ಟರಲ್ಲೇ ವೇಗ ಗಂಟೆಗೆ 60 ಕಿ.ಮೀ. ಹತ್ತಿರ ಹೋಗಿರುತ್ತದೆ. ಒಣ ಗರಿ ಅತ್ತ ಇತ್ತ ಓಲಾಡಿಕೊಂಡು ನಿಧಾನಕ್ಕೆ ಬರುತ್ತದೆ. ಹಗುರ ಇರುವುದಕ್ಕೆ ಅಂದುಕೊಳ್ಳಬೇಡಿ. ಮಟ್ಟೆ ಸಮೇತ ತಕ್ಕಡಿಗೆ ಹಾಕಿ ನೋಡಿದ್ದೇನೆ, ಕಾಯಿಗಿಂತ ಜಾಸ್ತಿಯೇ ತೂಗಿತು. ಅಗಲಕ್ಕೆ ಹರಡಿಕೊಂಡಿರುವುದರಿಂದ ಗಾಳಿ ಕೆಳಗಿನಿಂದ ತಡೆಯುತ್ತದೆ, ಅಷ್ಟೇ.

ಪುಸ್ತಕದ ಮಾತೂ ಸುಳ್ಳಲ್ಲ. ಗಾಳಿಯ ಕಾಟ ಇಲ್ಲದಿದ್ದರೆ ಬೀಳುವ ವಸ್ತುವಿನ ವೇಗ ಪ್ರತಿ ಸೆಕೆಂಡಿಗೂ ಸೆಕೆಂಡಿಗೆ 9.8 ಮೀಟರಿನಷ್ಟು ಏರುತ್ತದೆ. ಕಲ್ಲಾದರೂ ಅಷ್ಟೇ, ಪುಕ್ಕವಾದರೂ ಅಷ್ಟೇ. 1971ರ ಆಗಸ್ಟ್ 2ರಂದು ಅಪೊಲೊ 15ರ ಡೇವಿಡ್ ಸ್ಕಾಟ್ ಚಂದ್ರನ ಮೇಲೆ ನಿಂತು ಒಂದು ಕೈಯಿಂದ ಸುತ್ತಿಗೆ, ಇನ್ನೊಂದರಿಂದ ಹಕ್ಕಿಯ ಪುಕ್ಕ ಬಿಟ್ಟರು. ಎರಡೂ ಜೊತೆಯಲ್ಲೇ ಬಿದ್ದವು. ಮೊಬೈಲಿನಲ್ಲಿ ನನಗೆ ಆ ವಿಡಿಯೊ ತೋರಿಸಿದವನು ಇದೇ ಮೊಮ್ಮಗ! ಆದರೆ ಚಂದ್ರನ ಮೇಲೆ ಗಾಳಿ ಇಲ್ಲ. ತಿಪಟೂರಿನಲ್ಲಿ ಇದೆ, ಅಲ್ವಾ?

ಪ್ರಶ್ನೆಯಲ್ಲಿ 'ಗಾಳಿ ಇಲ್ಲದ ಕಡೆ' ಎಂಬ ಮೂರು ಪದ ಸೇರಿಸಿದ್ದರೆ ಸಾಕಿತ್ತು. ಮೇಷ್ಟ್ರ ಮೇಲೆ ನನಗೆ ಸಿಟ್ಟಿಲ್ಲ, ಎಲ್ಲಿಂದಲೋ ಇಳಿಸಿಕೊಂಡ ಪ್ರಶ್ನೆ ಇರಬೇಕು. ಆದರೆ ಕಣ್ಣಾರೆ ಕಂಡದ್ದನ್ನು ಬರೆದವನಿಗೆ ಸೊನ್ನೆ ಕೊಟ್ಟರೆ ಹುಡುಗ ಮುಂದಿನ ಸಲ ಸುಮ್ನೆ ಬಾಯಿಪಾಠ ಮಾಡಿಕೊಂಡು ಹೋಗುತ್ತಾನೆ.

ನಿಮ್ಮ ಮಕ್ಕಳ ಪುಟದಲ್ಲಿ ಇದೊಂದನ್ನು ಹಾಕಿ. ಒಂದು ದಪ್ಪ ಪುಸ್ತಕ, ಅದಕ್ಕಿಂತ ಸ್ವಲ್ಪ ಚಿಕ್ಕದಾಗಿ ಕತ್ತರಿಸಿದ ಹಾಳೆ. ಬೇರೆ ಬೇರೆ ಬಿಟ್ಟರೆ ಹಾಳೆ ತೇಲಾಡುತ್ತದೆ. ಪುಸ್ತಕದ ಮೇಲಿಟ್ಟು ಬಿಟ್ಟರೆ ಜೊತೆಗೇ ಇಳಿಯುತ್ತದೆ, ಕೆಳಗಿನ ಗಾಳಿಯನ್ನೆಲ್ಲ ಪುಸ್ತಕವೇ ಸರಿಸುತ್ತದಲ್ಲ. ನಮ್ಮ ಜಗಲಿಯಲ್ಲಿ ಮಾಡಿ ತೋರಿಸಿದಾಗ ನನ್ನ ಹೆಂಡತಿ ಅಂಟು ಹಾಕಿದ್ದೀರಾ ಅಂತ ಹಾಳೆಯನ್ನು ತಿರುಗಿಸಿ ನೋಡಿದಳು.

– ತೆಂಗು ಬೆಳೆಗಾರ, ತಿಪಟೂರು ತಾಲ್ಲೂಕು