ಹುಂಜ ಕೂಗಿದರೂ ನೀನು ಕೂತೇ ಇರು

ಚಿ. ಭೂಮಿಗೆ ನಿನ್ನ ಮಾವನ ಆಶೀರ್ವಾದಗಳು.

ಏಪ್ರಿಲ್‌ನಲ್ಲಿ ಇಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಮಕ್ಕಳಿಗೆಂದೇ ಬಿಡುವ ಆ ಶಿಕಾರಿ ವಾರಾಂತ್ಯಕ್ಕೆ ಅಪ್ಪನ ಜೊತೆ ಕಾಡು ಟರ್ಕಿ ಕೋಳಿ ಹೊಡೆಯಲು ಹೊರಟಿದ್ದೀಯ ಅಂತ ಅಕ್ಕ ಫೋನ್‌ನಲ್ಲಿ ಹೇಳಿದಳು. ಶಿಕಾರಿಯ ಸುರಕ್ಷತೆ ಕಲಿಸುವ ಹಂಟರ್ ಎಜುಕೇಷನ್ ಕೋರ್ಸೂ ಮುಗಿಸಿದ್ದೀಯಂತೆ. ತುಂಬಾ ಖುಷಿಯಾಯಿತು. ಅಕ್ಕನ ದನಿಯಲ್ಲಿ ಸ್ವಲ್ಪ ಭಯವೂ ಇತ್ತು, ಅದಕ್ಕೇ ಈ ಪತ್ರ. ನಿನ್ನಪ್ಪನ ಹತ್ತಿರ ಬೇರೆಯಾಗಿ ಮಾತಾಡುತ್ತೇನೆ. ಇದು ನಿನಗೆ.

ಎಲ್ಲಕ್ಕಿಂತ ಮೊದಲು ಹೇಳಬೇಕಾದ ಮಾತು ಒಂದೇ. ಕಾಡಿನಲ್ಲಿ ಅಪ್ಪ ನಿನಗೆ ಭುಜ ತಾಗಿಸಿಕೊಂಡು ಕೂತಿರುತ್ತಾರೆ. ಹುಂಜ ಹತ್ತಿರ ಬಂದಾಗ 'ಹೊಡಿ, ಹೊಡಿ' ಅಂತ ಪಿಸುಗುಟ್ಟಬಹುದು. ಅವರಿಗೂ ಎದೆ ಡವಡವ ಅನ್ನುತ್ತಿರುತ್ತದೆ. ಆದರೆ ಟ್ರಿಗರ್ ಮೇಲಿನ ಬೆರಳು ನಿನ್ನದು. ನಿನಗೆ ಕೋಳಿಯ ತಲೆ ಸರಿಯಾಗಿ ಕಾಣುತ್ತಿಲ್ಲ ಅಂದರೆ, ಅದರ ಹಿಂದೆ ಏನಿದೆ ಅಂತ ಗೊತ್ತಿಲ್ಲ ಅಂದರೆ, ಅಥವಾ ಸುಮ್ನೆ ಮನಸ್ಸು ಒಪ್ಪುತ್ತಿಲ್ಲ ಅಂದರೂ ಸರಿ, ಹೊಡೆಯಬೇಡ. ಅಪ್ಪ ಬೇಡ ಅಂದರೆ ನೀನು ಹೊಡೆಯುವ ಹಾಗಿಲ್ಲ. ನೀನು ಬೇಡ ಅಂದುಕೊಂಡರೆ ಅಪ್ಪ ಒತ್ತಾಯ ಮಾಡುವ ಹಾಗಿಲ್ಲ. ಇಬ್ಬರಲ್ಲಿ ಒಬ್ಬರು ಬೇಡ ಅಂದರೂ ಈಡು ಇಲ್ಲ. ಈ ಮಾತನ್ನು ಹಿಂದಿನ ರಾತ್ರಿಯೇ ಅಪ್ಪನ ಜೊತೆ ಬಾಯಿಬಿಟ್ಟು ಮಾತಾಡಿಕೋ. ಕಾಡಿಗೆ ಹೋದ ಮೇಲೆ ಮಾತಾಡೋಕೆ ಆಗಲ್ಲ.

ಯಾಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆ ಗೊತ್ತಾ? ಅಪ್ಪನಿಗೆ ಬೇಜಾರಾಗಬಾರದು ಅಂತ ಮಕ್ಕಳು ಏನು ಬೇಕಾದರೂ ಮಾಡುತ್ತಾರೆ. ನೀನಂತೂ ಚಿಕ್ಕವಳಿದ್ದಾಗಿನಿಂದ ಹಾಗೇ. ಕೋವಿ ಕೈಯಲ್ಲಿರುವಾಗ ಮಾತ್ರ ಆ ದಾಕ್ಷಿಣ್ಯ ಬೇಡ. ನಮ್ಮ ಮಲೆನಾಡಿನ ಕಡೆ ಹಳಬರು ಹೇಳುತ್ತಿದ್ದ ಶಿಕಾರಿ ಅನಾಹುತಗಳಲ್ಲಿ ಹೆಚ್ಚಿನವು ಪೊದೆ ಅಲ್ಲಾಡಿದ್ದಕ್ಕೆ ಹೊಡೆದು ಆದವು. ಹಂದಿ ಇರಬೇಕು ಅಂತ ಹೊಡೆದರು, ಅಲ್ಲಿದ್ದದ್ದು ಮನುಷ್ಯ. ಟರ್ಕಿ ಶಿಕಾರಿಯಲ್ಲಿ ಈ ಅಪಾಯ ಇನ್ನೂ ಜಾಸ್ತಿ. ಎಲ್ಲರೂ ತಲೆಯಿಂದ ಕಾಲಿನವರೆಗೆ ಕಾಡಿನ ಬಣ್ಣದ ಬಟ್ಟೆ ಹಾಕಿರುತ್ತಾರೆ. ಹುಂಜವನ್ನು ಹತ್ತಿರ ಕರೆಯಲು ಎಲ್ಲರೂ ಕೋಳಿಯ ಹಾಗೇ ಕೂಗು ಹಾಕುತ್ತಿರುತ್ತಾರೆ.

ಅದಕ್ಕೇ ಕೂಗು ಕೇಳಿದ ಕಡೆಗೆ ತೆವಳಿಕೊಂಡು ಹೋಗಬೇಡ. ಹುಂಜ ಎಷ್ಟೇ ಕೂಗಲಿ, ನೀನು ಕೂತಲ್ಲೇ ಕೂತಿರು, ಅದೇ ಬರಲಿ. ಅಜ್ಜನ ಕಾಲದಲ್ಲಿ ಮರಸು ಕೂರುವುದು ಅಂತಿದ್ದರಲ್ಲ, ಇದೂ ಅದೇ ಕೆಲಸ. ನಿನ್ನ ಭುಜಕ್ಕಿಂತ ಅಗಲವಾದ ಮರ ಹುಡುಕಿ ಬೆನ್ನು ಕೊಟ್ಟು ಕೂತುಕೋ. ಹಿಂದಿನಿಂದ ಯಾರಾದರೂ ತಪ್ಪಿ ಹೊಡೆದರೂ ಮರ ಅಡ್ಡ ಇರುತ್ತದೆ. ಬೇರೆ ಶಿಕಾರಿಯವರು ನಿಮ್ಮ ಕಡೆ ಬರುವುದು ಕಂಡರೆ ಕೈ ಬೀಸಬೇಡ, ಕೋಳಿ ಕೂಗನ್ನೂ ಹಾಕಬೇಡ. ಅಲ್ಲಾಡದೆ ಕೂತು, ಗಟ್ಟಿಯಾಗಿ ಮನುಷ್ಯರ ದನಿಯಲ್ಲಿ 'ಸ್ಟಾಪ್' ಅಂತ ಕೂಗು. ಆ ಬೆಳಿಗ್ಗೆಯ ಶಿಕಾರಿ ಹಾಳಾದರೆ ಹಾಳಾಗಲಿ.

ಬಣ್ಣದ ವಿಷಯ. ಗಂಡು ಟರ್ಕಿಯ ತಲೆಯನ್ನು ಹತ್ತಿರದಿಂದ ನೋಡಿದರೆ ಆಶ್ಚರ್ಯವಾಗುತ್ತದೆ. ನೆತ್ತಿ ಬಿಳಿ, ಮುಖ ನೀಲಿ, ಕುತ್ತಿಗೆಯ ಗಂಟುಗಳು ಕೆಂಪು. ಹೇಂಟೆ ಕಂಡು ಉಬ್ಬಿದಾಗ ಆ ಬಣ್ಣಗಳು ನೋಡುತ್ತಿದ್ದ ಹಾಗೇ ಗಾಢವಾಗುತ್ತವೆ. ಹಾಗಾಗಿ ಕೆಂಪು, ಬಿಳಿ, ನೀಲಿ ಈ ಮೂರೂ ನಿನ್ನ ಮೈಮೇಲೆ ಎಲ್ಲೂ ಇರಬಾರದು. ಬಿಳಿ ಕಾಲುಚೀಲವೂ ಬೇಡ, ಜೇಬಿನಲ್ಲಿ ಕೆಂಪು ಕರ್ಚೀಫೂ ಬೇಡ. ಕಪ್ಪೂ ಬೇಡ, ದೂರದಿಂದ ಹುಂಜದ ಮೈಯ ಹಾಗೆ ಕಾಣುತ್ತದೆ. ಹುಂಜವನ್ನು ಸೆಳೆಯಲು ಇಡುವ ಕೋಳಿಯಾಕಾರದ ಡಿಕಾಯ್ ಬೊಂಬೆಯನ್ನು ಕಾಡಿನಲ್ಲಿ ಹೊತ್ತು ಹೋಗುವಾಗ ಕಿತ್ತಳೆ ಬಣ್ಣದ ಚೀಲದೊಳಗೆ ಪೂರ್ತಿ ಮುಚ್ಚಿಡಬೇಕು. ಹೊಡೆದ ಕೋಳಿ ತರುವಾಗಲೂ ಅಷ್ಟೇ.

ಕೋವಿ ಒಂದೇ ಇರಲಿ, ಅದು ನಿನ್ನ ಕೈಯಲ್ಲಿರಲಿ. ನಿನ್ನಪ್ಪ ತಮ್ಮದನ್ನು ಮನೆಯಲ್ಲೇ ಬಿಟ್ಟು ಬರಲಿ ಅಂತ ನಾನೇ ಹೇಳುತ್ತೇನೆ. ಆಗ ಅವರ ಗಮನವೆಲ್ಲ ನಿನ್ನ ಮೇಲಿರುತ್ತದೆ. ನಿನ್ನ ಅಳತೆಗೆ 20 ಗೇಜ್ ಸಾಕು. ಗೇಜ್ ಅಂದರೆ ನಳಿಗೆಯ ಅಳತೆ, ಅಂಕಿ ದೊಡ್ಡದಾದಷ್ಟು ನಳಿಗೆ ಸಣ್ಣದು. 12 ಗೇಜಿನ ಟರ್ಕಿ ತೋಟಾ ಭುಜಕ್ಕೆ ಒದೆಯುವ ರಭಸಕ್ಕೆ ಮುಂದಿನ ಸಲ ಕಣ್ಣು ತಾನೇ ಮುಚ್ಚಿಕೊಳ್ಳುತ್ತದೆ. ಮೊದಲು ಹಗುರ ತೋಟಾದಲ್ಲಿ ಅಭ್ಯಾಸ ಮಾಡು. ಆಮೇಲೆ ಶಿಕಾರಿಗೆ ಒಯ್ಯುವ ತೋಟಾವನ್ನೇ ಹಾಕಿ 20, 30, 40 ಗಜ ದೂರದಲ್ಲಿ ದೊಡ್ಡ ಕಾಗದ ಕಟ್ಟಿ ಹೊಡೆದು ನೋಡು. ತೋಟಾದೊಳಗಿನ ಸಣ್ಣ ಗುಂಡುಗಳು, ಅಂದರೆ ಚರೆ, ಅಕ್ಕಿ ಎರಚಿದ ಹಾಗೆ ಹರಡುತ್ತಾ ಹೋಗುತ್ತದೆ. ಎಷ್ಟು ದೂರದವರೆಗೆ ಕೋಳಿಯ ತಲೆ ಕುತ್ತಿಗೆಯಷ್ಟು ಜಾಗಕ್ಕೆ ಸಾಕಷ್ಟು ಚರೆ ಬೀಳುತ್ತದೋ ಅಲ್ಲಿಗೆ ನಿನ್ನ ಗಡಿ. ಅದು 30 ಗಜವಾದರೆ 30 ಗಜವೇ. ಕೂತ ಕೂಡಲೇ ಆ ದೂರದಲ್ಲಿ ಒಂದು ಮರವನ್ನೋ ಕಲ್ಲನ್ನೋ ಗುರುತು ಮಾಡಿಟ್ಟುಕೋ. ಗಾಯವಾದ ಕೋಳಿ ಓಡಿಹೋಗಿ ಎಲ್ಲೋ ಪೊದೆಯಲ್ಲಿ ನರಳಿ ಸಾಯುವುದು ತುಂಬಾ ಕೆಟ್ಟದ್ದು ಭೂಮಿ. ಅದನ್ನು ತಪ್ಪಿಸೋಕೆ ಈ ಎಲ್ಲ ಲೆಕ್ಕ.

ಎಡ ಮೊಣಕಾಲು ಎತ್ತಿ ಅದರ ಮೇಲೆ ಕೋವಿ ಇಟ್ಟುಕೋ. ಹುಂಜ ಬರಬಹುದು ಅನ್ನಿಸುವ ಕಡೆಗೆ ನಿನ್ನ ಎಡ ಭುಜ ಇರಲಿ. ಆಗ ಕೋವಿಯನ್ನು ಎರಡೂ ಕಡೆಗೆ ಹೆಚ್ಚು ತಿರುಗಿಸಬಹುದು. ಟರ್ಕಿಗೆ ಮೂಗು ಅಷ್ಟು ಚುರುಕಿಲ್ಲ. ಆದರೆ ಕಣ್ಣು? ನೀನು ಬೆರಳು ಅಲ್ಲಾಡಿಸಿದರೂ ಅದಕ್ಕೆ ಗೊತ್ತಾಗುತ್ತದೆ. ಅದರ ತಲೆ ಮರದ ಹಿಂದೆ ಮರೆಯಾದಾಗ ಮಾತ್ರ ಕೋವಿ ಸರಿಸು. ಬಾಲ ಬೀಸಣಿಗೆ ಮಾಡಿ, ಕುತ್ತಿಗೆ ಒಳಗೆಳೆದು ಉಬ್ಬಿ ನಿಂತಾಗ ಹೊಡೆಯಬೇಡ. ಅಪ್ಪ ಮೆಲ್ಲಗೆ ಒಂದು ಕೂಗು ಹಾಕಿದರೆ ಅದು ತಲೆ ಎತ್ತಿ ನೋಡುತ್ತದೆ. ಆಗ ಎದೆಯ ಮೇಲೆ ನೇತಾಡುವ ಕೂದಲಿನಂಥ ಗಡ್ಡವನ್ನು ಕಣ್ಣಾರೆ ನೋಡಿದ್ದೀಯಾ ಅಂತ ನಿನ್ನನ್ನೇ ಕೇಳಿಕೋ. ವಸಂತದಲ್ಲಿ ಇಲ್ಲಿ ಗಂಡು ಅಥವಾ ಗಡ್ಡವಿರುವ ಕೋಳಿಗೆ ಮಾತ್ರ ಅನುಮತಿ. ಕೆಲವು ಹೇಂಟೆಗಳಿಗೂ ಗಡ್ಡ ಇರುತ್ತದೆ. ಕಾನೂನು ಬೇಡ ಅನ್ನದಿದ್ದರೂ ಅವನ್ನು ಬಿಟ್ಟುಬಿಡು, ಮೊಟ್ಟೆ ಇಡುವ ಕಾಲ ಅದು.

ಕೂಗು ಹಾಕುವ ಕೆಲಸವನ್ನು ಈ ಸಲ ಅಪ್ಪನಿಗೇ ಬಿಡು. ಕೂಗು ಜಾಸ್ತಿ ಆದರೆ ಹುಂಜ ದೂರದಲ್ಲೇ ನಿಂತು ಹೇಂಟೆಯೇ ಬರಲಿ ಅಂತ ಕಾಯುತ್ತದೆ. ಹಕ್ಕಿಗಳ ಲೋಕದಲ್ಲಿ ಹುಂಜ ಕೂಗಿದರೆ ಹೇಂಟೆ ಅದರ ಹತ್ತಿರ ಹೋಗುವುದು ವಾಡಿಕೆ, ನಾವು ಅದನ್ನು ತಿರುವುಮುರುವು ಮಾಡಲು ನೋಡುತ್ತೇವೆ. ಸೂರ್ಯ ಹುಟ್ಟುವ ಅರ್ಧ ಗಂಟೆ ಮೊದಲಿನಿಂದ ಹೊಡೆಯಲು ಅವಕಾಶ ಇರುತ್ತದೆ, ಆದರೆ ಅದಕ್ಕೂ ಎಷ್ಟೋ ಮೊದಲೇ ಕತ್ತಲಲ್ಲಿ ಹೋಗಿ ಕೂರಬೇಕು. ರಾತ್ರಿಯೆಲ್ಲ ಅವು ಮರದ ಮೇಲಿರುತ್ತವೆ. ಬೆಳಕು ಹರಿಯುವ ಹೊತ್ತಿಗೆ ಅಷ್ಟು ದಪ್ಪ ಹಕ್ಕಿ ರೆಕ್ಕೆ ಬಡಿಯುತ್ತಾ ಇಳಿಯುವ ಸದ್ದು ಕೇಳುತ್ತೀಯ. ಹುಂಜ ತೀರಾ ಹತ್ತಿರ ಬಂದರೆ ಇನ್ನೊಂದು ಸದ್ದು ಇದೆ. ಫಟ್ ಅಂತ ಉಗಿದ ಹಾಗೆ, ಅದರ ಹಿಂದೆಯೇ ಗುಂಯ್ ಅಂತ ತಗ್ಗಿನ ದನಿ. ಕಿವಿಗಿಂತ ಎದೆಗೆ ಮೊದಲು ಗೊತ್ತಾಗುತ್ತದೆ.

ನಿನ್ನ ಸ್ನೇಹಿತೆಯರು ಯಾಕೆ ಕೊಲ್ಲುತ್ತೀಯ ಅಂತ ಕೇಳುತ್ತಾರೆ. ಊರಲ್ಲಿ ಅಜ್ಜಿಯೂ ಕೇಳುತ್ತಾರೆ. ಊರಲ್ಲಿ ಶಿಕಾರಿ ಅಪರಾಧ, 1972ರ ವನ್ಯಜೀವಿ ಕಾಯ್ದೆ ಬಂದಿದ್ದು ಸರಿಯಾಗಿಯೇ ಇದೆ. ನಮ್ಮ ಕಾಡುಗಳಲ್ಲಿ ಉಳಿದದ್ದೇ ಕಡಿಮೆ. ವಿಸ್ಕಾನ್ಸಿನ್‌ನಲ್ಲೂ ಒಂದು ಕಾಲಕ್ಕೆ ಟರ್ಕಿ ಪೂರ್ತಿ ನಿರ್ನಾಮವಾಗಿತ್ತು. ಕಾಡು ಕಡಿದು, ಲೆಕ್ಕವಿಲ್ಲದೆ ಹೊಡೆದು ಮುಗಿಸಿದ್ದರು. ಕೊನೆಯದು ಕಂಡದ್ದು 1881ರಲ್ಲಿ ಅನ್ನುತ್ತಾರೆ. 1976ರಲ್ಲಿ ಮಿಸೌರಿ ರಾಜ್ಯದಿಂದ 29 ಕಾಡು ಟರ್ಕಿ ತಂದು ವರ್ನನ್ ಕೌಂಟಿಯ ಗುಡ್ಡಗಳಲ್ಲಿ ಬಿಟ್ಟರು. ಬದಲಿಗೆ ಇಲ್ಲಿಂದ ಗ್ರೌಸ್ ಹಕ್ಕಿಗಳನ್ನು ಅಲ್ಲಿಗೆ ಕಳಿಸಿದರು. 1983ರಲ್ಲಿ ಮೊದಲ ವಸಂತ ಶಿಕಾರಿಗೆ ಅನುಮತಿ ಸಿಕ್ಕಿತು. ಈಗ ನಿಮ್ಮ ಮನೆ ಹಿಂದಿನ ಹೊಲದಲ್ಲೇ ಓಡಾಡುತ್ತವೆ, ಅಲ್ವಾ? ಕೋವಿ, ತೋಟಾಗಳ ಮೇಲಿನ ತೆರಿಗೆ 1937ರ ಒಂದು ಕಾನೂನಿನ ಪ್ರಕಾರ ರಾಜ್ಯಗಳ ವನ್ಯಜೀವಿ ಕೆಲಸಕ್ಕೇ ಹೋಗುತ್ತದೆ. ಹೊಡೆದ ಕೋಳಿಯನ್ನು ಮರುದಿನ ಸಂಜೆ 5 ಗಂಟೆಯೊಳಗೆ ನೋಂದಣಿ ಮಾಡಬೇಕು. ಸರ್ಕಾರ ಅದರಿಂದಲೇ ಲೆಕ್ಕ ಇಡುವುದು. ಅದನ್ನು ಅಪ್ಪ ಮಾಡುತ್ತಾರೆ ಅಂತ ಬಿಡಬೇಡ, ನೀನೇ ಮಾಡು.

ಇಷ್ಟೆಲ್ಲ ಗೊತ್ತಿದ್ದರೂ, ಹೊಡೆದ ಮೇಲೆ ನಿನಗೆ ಅಳು ಬರಬಹುದು. ಬಂದರೆ ಅಳು, ಅಪ್ಪನ ಮುಂದೆಯೇ ಅಳು. ಅವರು ಏನೂ ಅಂದುಕೊಳ್ಳಲ್ಲ. ಇನ್ನು ಮುಂದೆ ಶಿಕಾರಿ ನನಗೆ ಬೇಡ ಅನ್ನಿಸಿದರೆ ಅದನ್ನೂ ಹೇಳು. ಹೊಡೆದ ತಕ್ಷಣ ಮಾತ್ರ ಓಡಬೇಡ. ಸೇಫ್ಟಿ ಹಾಕು, ಕೋವಿ ಬಾಯಿ ಬೇರೆ ಕಡೆ ತಿರುಗಿಸು, ನಡೆದುಕೊಂಡು ಹೋಗು. ರೆಕ್ಕೆ ಬಡಿಯುತ್ತಿದ್ದರೆ ಅಪ್ಪ ನೋಡಿಕೊಳ್ಳಲಿ. ಹುಂಜದ ಕಾಲಿನ ಮುಳ್ಳು ಕೈ ಸೀಳಿಬಿಡುತ್ತದೆ.

ಮಾಂಸ ಒಂದು ತುಂಡೂ ಹಾಳಾಗಬಾರದು. ಎದೆಯ ಮಾಂಸ ಬೇಗ ಬೇಯುತ್ತದೆ, ಜಾಸ್ತಿ ಬೇಯಿಸಿದರೆ ನಾರಾಗುತ್ತದೆ. ಕಾಲಿನಲ್ಲಿ ಗಟ್ಟಿ ನರಗಳಿರುತ್ತವೆ, ಅದನ್ನು ಕುಕ್ಕರ್‌ನಲ್ಲಿ ಚೆನ್ನಾಗಿ ಬೇಯಿಸಿ ಸಾರು ಮಾಡಲು ಅಕ್ಕನಿಗೆ ಹೇಳು. ನಮ್ಮ ಕೋಳಿ ಸಾರಿನ ಮಸಾಲೆಯೇ ಸಾಕು, ಜೊತೆಗೆ ಕಡುಬು. ತಿನ್ನುವಾಗ ಹಲ್ಲಿಗೆ ಚರೆ ಸಿಗಬಹುದು, ನಿಧಾನವಾಗಿ ಅಗಿ.

ಉಣುಗಿನ ವಿಷಯ ಮರೆಯಬೇಡ. ಊರಲ್ಲಿ ಅದರಿಂದ ಮಂಗನ ಕಾಯಿಲೆ, ಇಲ್ಲಿ ಲೈಮ್ ಕಾಯಿಲೆ. ಪರ್ಮೆಥ್ರಿನ್ ಸ್ಪ್ರೇಯನ್ನು ಬಟ್ಟೆಗೆ ಹೊಡೆದು ಒಣಗಿಸಿ ಹಾಕಿಕೋ, ಮೈಗೆ ಹೊಡೆಯಬೇಡ. ಮನೆಗೆ ಬಂದ ಮೇಲೆ ಮೊಣಕಾಲಿನ ಹಿಂದೆ, ಕಂಕುಳು, ತಲೆಗೂದಲು ಎಲ್ಲ ಅಕ್ಕನ ಹತ್ತಿರ ನೋಡಿಸಿಕೋ.

ಒಂದು ಸ್ಲೇಟ್ ಕಾಲ್ ಪೋಸ್ಟಿನಲ್ಲಿ ಕಳಿಸಿದ್ದೇನೆ, ಕಡ್ಡಿಯಿಂದ ಉಜ್ಜಿ ಹೇಂಟೆಯ ಕೂಗು ಹೊರಡಿಸುವ ಬಿಲ್ಲೆ ಅದು. ಮೇಲ್ಮೈಯನ್ನು ಸ್ಯಾಂಡ್‌ಪೇಪರ್‌ನಲ್ಲಿ ಸ್ವಲ್ಪ ಉಜ್ಜಿ, ಕಡ್ಡಿಯನ್ನು ಪೆನ್ನಿನ ಹಾಗೆ ಹಿಡಿದು, ಎತ್ತದೆ ಸಣ್ಣ ಸಣ್ಣ ಸುತ್ತು ಹಾಕು. ಮುಂದಿನ ವರ್ಷಕ್ಕೆ ಬೇಕಾಗುತ್ತದೆ, ಈಗಿನಿಂದಲೇ ಮನೆಯಲ್ಲಿ ಅಭ್ಯಾಸ ಮಾಡು. ಹೊರಡುವ ಮೊದಲು ಯಾವ ಜಮೀನಿನಲ್ಲಿ, ಯಾವ ಮೂಲೆಯಲ್ಲಿ ಕೂರುತ್ತೀರಿ, ಎಷ್ಟು ಹೊತ್ತಿಗೆ ವಾಪಸ್ ಬರುತ್ತೀರಿ ಅನ್ನುವುದನ್ನು ಬರೆದು ಫ್ರಿಡ್ಜ್ ಮೇಲೆ ಅಂಟಿಸಿ ಹೋಗು. ಅಕ್ಕ ಆ ಬೆಳಿಗ್ಗೆ ನಿದ್ದೆ ಮಾಡಲ್ಲ. ಕಾರಿಗೆ ವಾಪಸ್ ಬಂದು ಕೋವಿ ಖಾಲಿ ಮಾಡಿಟ್ಟ ಕೂಡಲೇ ಮೊದಲು ಅವಳಿಗೆ ಫೋನ್ ಮಾಡು, ಆಮೇಲೆ ನನಗೆ.

ಇಂತಿ ನಿನ್ನ
ಮಾವ